ಅವರೆ ಉಳಿಯಬೇಕಾದರೆ ಅಕ್ಕಡಿ ಉಳಿಯಬೇಕು

(ಹೊಲ, ಕೈತೋಟ ಮಾಡುವವರ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೆಲವರು ಕೇಳಿದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮೊರದಲ್ಲಿ ಹರಡಿರುವ ಕಾಳುಗಳನ್ನು ಬರುತ್ತಲೇ ತುಂಬಾ ಜನ ಮುಟ್ಟಿ ನೋಡಿದಿರಿ. ಫೋಟೋನೂ ತೆಗೆದುಕೊಂಡಿರಿ. ಸಂತೋಷ. ಹೋಗುವಾಗ ಒಂದೊಂದು ಹಿಡಿ ತೆಗೆದುಕೊಂಡು ಹೋಗಿ, ಅದಕ್ಕೇ ತಂದಿದ್ದು. ಆದರೆ ಅದಕ್ಕೆ ಮುಂಚೆ ನನ್ನದೊಂದು ತಕರಾರು ಇದೆ, ಹೇಳಿಬಿಡುತ್ತೇನೆ.

ಈಗ ಎಲ್ಲಾ ಕಡೆ ಬೀಜ ಮೇಳ ನಡೆಯುತ್ತವೆ. ಸಹಜ ಸಮೃದ್ಧದಂಥ ಸಂಸ್ಥೆಗಳು ಬಹಳ ವರ್ಷದಿಂದ ಈ ಕೆಲಸ ಮಾಡುತ್ತಾ ಬಂದಿವೆ. ನನ್ನ ಹತ್ತಿರ ಇರುವ ಅಲಸಂದೆ ಬೀಜಗಳು ಮೇಳದಲ್ಲಿ ಸಿಕ್ಕಿದ್ದೇ. ಮೇಳದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಪ್ರಶ್ನೆ, ಅಲ್ಲಿ ತೆಗೆದುಕೊಂಡ ಬೀಜ ಮುಂದಿನ ವರ್ಷ ಎಲ್ಲಿರುತ್ತದೆ ಅನ್ನುವುದು. ಎಷ್ಟೋ ಮನೆಯಲ್ಲಿ ಡಬ್ಬದಲ್ಲೇ ಕೂತು ಹುಳ ಹಿಡಿಯುತ್ತದೆ. ಬಿತ್ತಿದವರು ಒಂದು ಮಡಿ ತುಂಬಾ ನಾಟಿ ಅವರೆ ಒಂದನ್ನೇ ಬಿತ್ತುತ್ತಾರೆ. ಆಮೇಲೆ ನನಗೆ ಫೋನ್ ಮಾಡುತ್ತಾರೆ. "ಅಕ್ಕ, ಇದು ಸಿಕ್ಕಾಪಟ್ಟೆ ಬಳ್ಳಿ ಹಬ್ತಿದೆ. ಹೂವೇ ಇಲ್ಲ. ಬಂದರೂ ಎಲ್ಲಾ ಒಟ್ಟಿಗೆ ಬರಲ್ಲ." ಮುಂದಿನ ವರ್ಷ ಅವರು ಬಿತ್ತುವುದಿಲ್ಲ.

ಅವರು ಹೇಳುವುದರಲ್ಲಿ ಒಂದೂ ಸುಳ್ಳಿಲ್ಲ. ನಾಟಿ ಅವರೆ ಹಬ್ಬುತ್ತದೆ, ತಡ ಮಾಡುತ್ತದೆ, ಕಂತು ಕಂತಾಗಿ ಕಾಯಿ ಬಿಡುತ್ತದೆ. ಒಂದೇ ಬೆಳೆಯ ಮಡಿಯಲ್ಲಿ ಇವು ಮೂರೂ ತೊಂದರೆಯೇ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿ ಸಾಲುಗಳ ನಡುವೆ ಬೇರೆ ಕಾಳು ಬಿತ್ತುವ ಸಾಲಿನಲ್ಲಿ, ಇವು ಮೂರೂ ಬೇಕಾದ ಗುಣ. ಅದನ್ನು ಆ ಸಾಲಿಗಾಗಿಯೇ ನಮ್ಮ ಹಿರಿಯರು ಆರಿಸುತ್ತಾ ಬಂದರು. ಸಾಲನ್ನು ಬಿಟ್ಟು ಬೀಜವನ್ನು ಮಾತ್ರ ಉಳಿಸಲು ಹೋದರೆ ಬೀಜವೂ ಉಳಿಯುವುದಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಹೇಗೆ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಕುಣಿಗಲ್ ಕಡೆ ಮೂರು ಎಕರೆ. ಬೋರ್‌ವೆಲ್ ನೀರು ಸಾಲುವುದು ಒಂದು ಎಕರೆಗೆ ಮಾತ್ರ. ಅಲ್ಲಿ ತೆಂಗು, ಬಾಳೆ, ನುಗ್ಗೆ, ಕರಿಬೇವು, ಸೊಪ್ಪಿನ ಮಡಿ ಇವೆ. ಬೇಲಿ ಮೇಲೆ ಚಪ್ಪರದ ಅವರೆ, ತಂಬಟೆಕಾಯಿ. ಮಿಕ್ಕ ಎರಡು ಎಕರೆ ಮಳೆ ನಂಬಿದ ಕೆಂಪು ಮಣ್ಣಿನ ಹೊಲ. ಎರಡು ನಾಟಿ ಹಸು, ಒಂದಿಷ್ಟು ಕೋಳಿ. ತಿಪ್ಪೆ ಗೊಬ್ಬರ, ಜೀವಾಮೃತ ಬಿಟ್ಟರೆ ಹೊರಗಿನದು ಏನೂ ಹಾಕುವುದಿಲ್ಲ. ನಮ್ಮ ಯಜಮಾನರು ಹಿಂದೆ ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿ ಅವರ ತೋಟ ನೋಡಲು ಹೋಗಿದ್ದರು. ರೆಡ್ಡಿಯವರು 2019ರ ಜನವರಿಯಲ್ಲಿ ತೀರಿಕೊಂಡರು. ಮಣ್ಣನ್ನು ಬೆತ್ತಲೆ ಬಿಡಬೇಡಿ, ಮರ ಬೆಳೆಸಿ ಅಂತ ಅವರು ಹೋದಲ್ಲೆಲ್ಲಾ ಹೇಳುತ್ತಿದ್ದರು. ನಮ್ಮ ಬದುವಿನ ಮೇಲಿನ ಹೊಂಗೆ, ಬೇವು ಆಮೇಲೆ ಬಂದವು. ಅಕ್ಕಡಿ ಮಾತ್ರ ನಮ್ಮ ಅತ್ತೆಯಿಂದ ಬಂದಿದ್ದು. ಅದನ್ನು ಯಾರೂ ಹೊರಗಿನಿಂದ ಬಂದು ಕಲಿಸಲಿಲ್ಲ.

ಅಕ್ಕಡಿ ಅಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ರಾಗಿ ಹೊಲದಲ್ಲಿ ಕೆಲವು ಸಾಲು ರಾಗಿ ಆದ ಮೇಲೆ ಒಂದು ಸಾಲು ಬೇರೆ ಕಾಳು ಬಿತ್ತುವುದು. ನಾವು ಎಂಟು ಸಾಲು ರಾಗಿಗೆ ಒಂದು ಸಾಲು ಹಾಕುತ್ತೇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರೂ ರಾಗಿ ಜೊತೆ ಅವರೆಗೆ ಇದೇ ಲೆಕ್ಕ ಹೇಳುತ್ತಾರೆ. ಆದರೆ ಹಳಬರ ಸಾಲಿನಲ್ಲಿ ಬರೀ ಅವರೆ ಇರುತ್ತಿರಲಿಲ್ಲ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಲ್ಲೊಂದು ಇಲ್ಲೊಂದು ಹರಳು, ಅಂಚಿಗೆ ಜೋಳ. ಕೂರಿಗೆ ರಾಗಿ ಬಿತ್ತುತ್ತಾ ಮುಂದೆ ಹೋಗುತ್ತಿತ್ತು. ಅದರ ಹಿಂದೆ ಹಗ್ಗದಲ್ಲಿ ಕಟ್ಟಿದ ಸಡ್ಡೆ, ಅಂದರೆ ಕಾಳು ಬಿಡುವ ಒಂಟಿ ಕೊಳವೆ. ಸಡ್ಡೆ ಹಿಡಿದು ಕಾಳು ಬಿಡುವವರು ಹೆಂಗಸರು. ಮಡಿಲಲ್ಲಿ ಕಲಸಿದ ಕಾಳು. ಯಾವ ಕಾಳು ಎಷ್ಟು ಕಲಸಬೇಕು ಅನ್ನುವುದು ಮನೆ ಹೆಂಗಸರ ಲೆಕ್ಕ. ಈ ವರ್ಷ ಮನೆಯಲ್ಲಿ ಹುಚ್ಚೆಳ್ಳು ಚಟ್ನಿಪುಡಿ ಸಾಲಲಿಲ್ಲ ಅಂದರೆ ಮುಂದಿನ ವರ್ಷ ಮಡಿಲಿಗೆ ಹುಚ್ಚೆಳ್ಳು ಒಂದು ಹಿಡಿ ಜಾಸ್ತಿ ಬೀಳುತ್ತಿತ್ತು.

ಈಗ ಅವರೆ ವಿಷಯಕ್ಕೆ ಬರೋಣ. ನಾಟಿ ಅವರೆ ಕ್ಯಾಲೆಂಡರ್ ನೋಡುವುದು ಆಕಾಶದಲ್ಲಿ. ಹಗಲು ಚಿಕ್ಕದಾಗಿ ರಾತ್ರಿ ಉದ್ದ ಆಗುವ ತನಕ ಅದು ಹೂ ಬಿಡುವುದಿಲ್ಲ. ಜೂನ್‌ನಲ್ಲಿ ಬಿತ್ತಿ, ಆಗಸ್ಟ್‌ನಲ್ಲಿ ಬಿತ್ತಿ, ಹೂವು ಬರುವುದು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಸೆಪ್ಟೆಂಬರ್ ಕೊನೆಗೆ ಹಗಲು ರಾತ್ರಿ ಸಮ ಆಗುತ್ತದಲ್ವಾ, ಅದು ಕಳೆದ ಮೇಲೆ. ಈ ಒಂದು ಗುಣದ ಸುತ್ತ ಇಡೀ ಹೊಲದ ವರ್ಷ ತಿರುಗುತ್ತದೆ.

ಪುನರ್ವಸು, ಪುಷ್ಯ ಮಳೆಗೆ ರಾಗಿ ಬಿತ್ತುತ್ತೇವೆ. ರಾಗಿ ನಾಲ್ಕು ತಿಂಗಳ ಬೆಳೆ. ಮೊದಲ ಮೂರು ತಿಂಗಳು ಹೊಲ ಅದರದ್ದು. ಅವರೆ ಆಗ ಎಲೆ ಬಿಡುತ್ತಾ, ಬೇರು ಇಳಿಸುತ್ತಾ ಸುಮ್ನೆ ಇರುತ್ತದೆ. ಅದು ಬೇಗ ಹೂ ಬಿಡುವ ಜಾತಿ ಆಗಿದ್ದರೆ ರಾಗಿ ತೆನೆ ಕಟ್ಟುವಾಗಲೇ ಅದಕ್ಕೂ ನೀರು, ಬಿಸಿಲು ಬೇಕಾಗುತ್ತಿತ್ತು. ಇಬ್ಬರೂ ಕಿತ್ತಾಡುತ್ತಿದ್ದರು. ಹಾಗಾಗುವುದಿಲ್ಲ. ರಾಗಿ ಬೇರು ಮೇಲ್ಮಣ್ಣಿನಲ್ಲಿ ಹರಡಿದರೆ ಅವರೆ, ತೊಗರಿ ಬೇರು ಆಳಕ್ಕೆ ಇಳಿಯುತ್ತದೆ. ನವೆಂಬರ್‌ನಲ್ಲಿ ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಇಡೀ ಹೊಲ ಅವರೆಗೆ ಖಾಲಿ. ಆಗ ನೋಡಬೇಕು ಅದರ ಹಬ್ಬುವ ರಭಸ. ಎಂಟು ಸಾಲಿನ ಜಾಗವನ್ನೂ ಅದೇ ಮುಚ್ಚುತ್ತದೆ. ಮಳೆ ನಿಂತಿರುತ್ತದೆ. ಮಣ್ಣಿನ ಆಳದಲ್ಲಿ ಉಳಿದ ತೇವ, ರಾತ್ರಿ ಬೀಳುವ ಇಬ್ಬನಿ, ಅಷ್ಟರಲ್ಲೇ ಡಿಸೆಂಬರ್, ಜನವರಿ ಕಾಯಿ.

ಇನ್ನು ಕಂತು ಕಂತಾಗಿ ಕಾಯಿ ಬಿಡುವ ವಿಷಯ. ಅವರೆಗೆ ಕಾಯಿಕೊರಕ ಹುಳದ ಕಾಟ ತುಂಬಾ ಇದೆ. ಎಲ್ಲಾ ಹೂವು ಒಂದೇ ವಾರ ಬಂದರೆ, ಆ ವಾರ ಹುಳ ಬಿದ್ದರೆ, ವರ್ಷದ ಬೆಳೆ ಹೋಯಿತು. ನಾಟಿ ಅವರೆ ಗೊಂಚಲ ಮೇಲೆ ಗೊಂಚಲು ಬಿಡುತ್ತಾ ಹೋಗುತ್ತದೆ. ಮೊದಲ ಗೊಂಚಲು ಹುಳಕ್ಕೆ ಹೋದರೆ ಎರಡನೆಯದು ನಮಗೆ. ಔಷಧಿ ಹೊಡೆಯದ ನಮ್ಮಂಥವರಿಗೆ ಇದೇ ವಿಮೆ. ಮನೆಗೂ ಒಂದೂವರೆ ತಿಂಗಳು ಹಸಿ ಕಾಯಿ ಸಿಗುತ್ತದೆ. ಸಾರಿಗೆ, ಹುಳಿಗೆ, ಉಪ್ಪಿಟ್ಟಿಗೆ, ಅಕ್ಕಿರೊಟ್ಟಿಗೆ. ನೆಂಟರು ಬಂದರೆ ಹಿತಕಿದ ಬೇಳೆ ಸಾರು. ಕೊನೆಗೆ ಬಲಿತು ಒಣಗಿದ್ದು ಕಾಳಾಗಿ ಮಡಕೆಗೆ. ಹೊಟ್ಟು ಹಸುವಿಗೆ. ಬಿಸಾಡುವುದು ಏನೂ ಉಳಿಯುವುದಿಲ್ಲ.

ಹಾಗಂತ ಸುಧಾರಿತ ತಳಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಬಂದ ಮೇಲೆ ಹಗಲಿನ ಲೆಕ್ಕ ಬಿಟ್ಟು ಯಾವ ಕಾಲಕ್ಕಾದರೂ ಅವರೆ ಬೆಳೆಯಬಹುದು. ಗಿಡ ಗಿಡ್ಡ, ಕಾಯಿ ಹೆಚ್ಚು ಕಡಿಮೆ ಒಟ್ಟಿಗೆ. ನೀರಿದ್ದವರು, ಬೇಸಿಗೆಯಲ್ಲಿ ಮಾರುಕಟ್ಟೆಗೆ ಕಳಿಸುವವರು ಅದನ್ನೇ ಬೆಳೆಯಲಿ. ಅದು ಒಂದೇ ಬೆಳೆಯ ಹೊಲಕ್ಕೆ ಮಾಡಿದ ತಳಿ. ಒಳ್ಳೆ ಕೆಲಸವೇ ಮಾಡಿದ್ದಾರೆ. ನನ್ನ ಮಳೆ ಹೊಲದ ಅಕ್ಕಡಿ ಸಾಲಿಗೆ ಮಾತ್ರ ಅದು ಒಗ್ಗುವುದಿಲ್ಲ. ರಾಗಿ ನಡುವೆಯೇ ಹೂ ಬಿಟ್ಟು, ನೆರಳಿಗೆ ಸಿಕ್ಕಿ ಸೊರಗುತ್ತದೆ.

ಸೊಗಡಿನ ಬಗ್ಗೆ ಹೇಳದೆ ಇದ್ದರೆ ನೀವು ಬಿಡಲ್ಲ. ಮುಂದಿನ ಸಾಲಿನಲ್ಲಿ ಅಜ್ಜಿ ಒಬ್ಬರು ಆಗಲೇ ನಗುತ್ತಿದ್ದಾರೆ. ಹಸಿ ಅವರೆಕಾಯಿ ಸುಲಿದರೆ ಕೈಗೆ ಎಣ್ಣೆಯಂಥ ಅಂಟು ಹತ್ತುತ್ತದೆ. ಸೋಪು ಹಾಕಿ ತೊಳೆದರೂ ವಾಸನೆ ಬೇಗ ಹೋಗುವುದಿಲ್ಲ. ಅದು ಇರುವುದು ಕಾಳಿನಲ್ಲಿ ಅಲ್ಲ, ಕಾಯಿಯ ಸಿಪ್ಪೆ ಮೇಲೆ. ಕೊಬ್ಬಿನ ಆಮ್ಲಗಳಿರುವ ಒಂದು ಜಿಡ್ಡು ಅಲ್ಲಿ ಒಸರುತ್ತದೆ. ಚಳಿಗಾಲದ ಕಾಯಿಗೆ ಸೊಗಡು ಜಾಸ್ತಿ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಮಾಗಡಿ ಕಡೆಯ ಕಾಯಿಗೆ ಬೆಂಗಳೂರಿನ ಸಂತೆಯಲ್ಲಿ ಹೆಸರಿದೆ. ಕೊಳ್ಳುವವರು ಮೊದಲು ಮೂಸುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ವಿ.ವಿ. ಪುರಂನ ಅವರೆ ಮೇಳದಲ್ಲಿ ಅವರೆ ಜಾಮೂನು, ಅವರೆ ಐಸ್‌ಕ್ರೀಮು ಎಲ್ಲಾ ಮಾಡುತ್ತಾರೆ. ಜಾಮೂನಿನ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಆದರೆ ಜನ ಸಾಲು ನಿಲ್ಲುತ್ತಾರಲ್ಲ, ಅದು ನನಗೆ ಬೇಕು. ತಿನ್ನುವವರು ಇದ್ದರೆ ತಾನೇ ಬೆಳೆಯುವುದು.

ಈಗ ಇದನ್ನು ಸ್ವಲ್ಪ ಹತ್ತಿರ ಹಿಡಿದು ನೋಡಿ. ಬೆಳಿಗ್ಗೆ ಹೊಲದಿಂದ ಮಣ್ಣು ಸಮೇತ ಅಗೆದು ತಂದ ಅಲಸಂದೆ ಗಿಡ. ಬೇರಿನ ಮೇಲೆ ಸಾಸಿವೆಯಿಂದ ಹಿಡಿದು ಕಡಲೆಕಾಳಿನ ಗಾತ್ರದ ತನಕ ಗಂಟುಗಳಿವೆ. ಕೆಲವರು ಇದನ್ನು ರೋಗ ಅಂದುಕೊಂಡು ಗಿಡ ಕಿತ್ತು ಬಿಸಾಡಿದ್ದು ನಾನು ನೋಡಿದ್ದೇನೆ. ಒಂದು ಗಂಟನ್ನು ಉಗುರಿನಿಂದ ಸೀಳುತ್ತೇನೆ. ಒಳಗೆ ಏನು ಬಣ್ಣ? ನಸುಗೆಂಪು. ಹಾಗಿದ್ದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಬಿಳಿ ಇದ್ದರೆ ಇನ್ನೂ ಶುರು ಆಗಿಲ್ಲ, ಹಸಿರು ಕಂದು ಇದ್ದರೆ ಮುಗಿದಿದೆ. ಒಳಗಿರುವ ರೈಜೋಬಿಯಂ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತದೆ. ಆ ಕೆಲಸಕ್ಕೆ ಆಮ್ಲಜನಕ ಜಾಸ್ತಿ ಆಗಬಾರದು. ಅದನ್ನು ಹತೋಟಿಯಲ್ಲಿ ಇಡುವುದು ಈ ಕೆಂಪು ವಸ್ತು. ನಮ್ಮ ರಕ್ತದ ಕೆಂಪಿನ ಹಾಗೇ ಇದರಲ್ಲೂ ಕಬ್ಬಿಣ ಇದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. "ದ್ವಿದಳ ಹಾಕಿದರೆ ಪಕ್ಕದ ರಾಗಿಗೆ ಯೂರಿಯಾ ಹಾಕಿದ ಹಾಗೆ" ಅಂತ ಭಾಷಣಗಳಲ್ಲಿ ಹೇಳುತ್ತಾರೆ. ಅಷ್ಟು ಸುಲಭ ಅಲ್ಲ. ಗಂಟು ಹಿಡಿದ ಸಾರಜನಕದ ಬಹುಪಾಲು ಆ ಗಿಡವೇ ತಿನ್ನುತ್ತದೆ, ಕಾಳಿಗೆ ತುಂಬುತ್ತದೆ. ಪಕ್ಕದ ರಾಗಿಗೆ ಅದೇ ವರ್ಷ ಸಿಗುವುದು ಸ್ವಲ್ಪ. ಉದುರಿದ ಎಲೆ, ಮಣ್ಣಲ್ಲೇ ಬಿಟ್ಟ ಬೇರು ಕೊಳೆತ ಮೇಲೆ ಮುಂದಿನ ವರ್ಷದ ಬೆಳೆಗೆ ಲಾಭ. ಅದಕ್ಕೇ ನಾವು ಅವರೆ ಗಿಡ ಬೇರು ಸಮೇತ ಕೀಳುವುದಿಲ್ಲ, ಬುಡಕ್ಕೆ ಕೊಯ್ಯುತ್ತೇವೆ. ಅಕ್ಕಡಿ ಸಾಲು ಪ್ರತಿ ವರ್ಷ ಒಂದೇ ಜಾಗದಲ್ಲಿ ಬರದ ಹಾಗೆ ನೋಡಿಕೊಳ್ಳುತ್ತೇವೆ.

ಇಷ್ಟೆಲ್ಲಾ ಒಳ್ಳೆಯದಿದ್ದರೆ ಅಕ್ಕಡಿ ಯಾಕೆ ಹೋಯಿತು? ರೈತರಿಗೆ ಬುದ್ಧಿ ಇಲ್ಲ ಅಂತ ಹೇಳುವವರಿದ್ದಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಬಿಟ್ಟವರಿಗೆಲ್ಲಾ ಕಾರಣ ಇತ್ತು.

ಮೊದಲು ಕೂರಿಗೆ ಹೋಯಿತು. ಎತ್ತು ಸಾಕುವವರು ಕಡಿಮೆಯಾದರು, ಟ್ರ್ಯಾಕ್ಟರ್ ಬಂತು. ಸಡ್ಡೆ ಹಿಡಿಯುವವರು ಗಾರ್ಮೆಂಟ್ಸ್‌ಗೆ ಹೋದರು. ಅಲ್ಲಿ ತಿಂಗಳಿಗೆ ಸಂಬಳ ಬರುತ್ತದೆ, ಯಾರು ಬೇಡ ಅನ್ನುತ್ತಾರೆ? ಆಮೇಲೆ ಕಳೆನಾಶಕ. ರಾಗಿಗೆ 2,4-ಡಿ ಹೊಡೆಯುತ್ತಾರೆ. ಅದು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಯ ರಾಗಿಗೆ ಏನೂ ಮಾಡುವುದಿಲ್ಲ. ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಎಲ್ಲಾ ಅಗಲ ಎಲೆಯವೇ. ಔಷಧಿಗೆ ಕಳೆ ಯಾವುದು, ಅಕ್ಕಡಿ ಯಾವುದು ಗೊತ್ತಾಗುತ್ತದಾ? ಒಂದು ಸಲ ಹೊಡೆದರೆ ಹೊಲದಲ್ಲಿ ರಾಗಿ ಒಂದೇ. ಕೊನೆಗೆ ಕೊಯ್ಲಿನ ಯಂತ್ರ. ಅದಕ್ಕೆ ನಡುವೆ ಹಸಿರು ಬಳ್ಳಿ ಇದ್ದರೆ ಆಗುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಹೀಗೆ ಒಂದೊಂದು ಅನುಕೂಲ ಬಂದಾಗಲೂ ಅಕ್ಕಡಿಯ ಒಂದೊಂದು ಜಾಗ ಹೋಯಿತು.

ಇದರ ಮೇಲೆ ಖರೀದಿ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತು. ರಾಗಿಗೆ, ನವಣೆಗೆ ಒಳ್ಳೆ ಮರ್ಯಾದೆ ಸಿಕ್ಕಿತು. ಬೆಂಬಲ ಬೆಲೆಗೆ ರಾಗಿ ಖರೀದಿ ಮಾಡುವುದರಿಂದ ನಮ್ಮ ಜಿಲ್ಲೆಗಳ ರೈತರಿಗೆ ಅನುಕೂಲ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಂಬಲ ಬೆಲೆಯ ಪಟ್ಟಿಯಲ್ಲಿ ಯಾವ ಬೇಳೆಕಾಳು ಇವೆ ನೋಡಿ. ತೊಗರಿ, ಹೆಸರು, ಉದ್ದು, ಕಡಲೆ, ಮಸೂರ. ಅವರೆ ಇಲ್ಲ. ಅಲಸಂದೆ ಇಲ್ಲ. ಹುರುಳಿ ಇಲ್ಲ. ರಾಗಿ ಪಕ್ಕದಲ್ಲೇ ಬೆಳೆದದ್ದಕ್ಕೆ ಪಟ್ಟಿಯಲ್ಲಿ ಜಾಗ ಇಲ್ಲದಿದ್ದರೆ, ಲೆಕ್ಕ ಹಾಕುವ ರೈತ ಏನು ಮಾಡುತ್ತಾನೆ? ಎಂಟು ಸಾಲನ್ನು ಒಂಬತ್ತು ಮಾಡುತ್ತಾನೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ನನ್ನ ಹೊಲ ಚಿಕ್ಕದು, ಕಾಳು ಕೊಳ್ಳುವ ಮನೆಗಳು ಗೊತ್ತಿವೆ. ಅದಕ್ಕೇ ನಡೆಯುತ್ತಿದೆ.

ನಮ್ಮ ಮಾರಾಟ ಹೇಗೆ ಅಂತ ಹೇಳುತ್ತೇನೆ. ಸಂಕ್ರಾಂತಿ ಹತ್ತಿರ ಎಲ್ಲಾ ಕಡೆಯಿಂದ ಅವರೆಕಾಯಿ ಬಂದು ಬಿದ್ದು ರೇಟು ಇಳಿಯುತ್ತದೆ. ಆ ಹೊತ್ತಿಗೆ ನಾವು ಕಾಯಿ ಮಾರುವುದನ್ನು ಕಡಿಮೆ ಮಾಡುತ್ತೇವೆ. ಸುಲಿದು ಕಾಳು ಮಾಡುತ್ತೇವೆ. ರಾತ್ರಿ ನೆನೆಸಿ ಬೆಳಿಗ್ಗೆ ಹಿತಕಿ ಬೇಳೆ ಮಾಡಿದರೆ ಇನ್ನೂ ಒಳ್ಳೆ ಬೆಲೆ. ಆದರೆ ಹಿತಕುವ ಕೆಲಸ ಯಾರದ್ದು ಅನ್ನುವುದನ್ನು ಮರೆಯಬೇಡಿ. ಬೆರಳ ತುದಿ ಸುಕ್ಕುಗಟ್ಟುತ್ತದೆ. ಬೆಂಗಳೂರಿನ ಬೀದಿ ಬದಿಯಲ್ಲಿ ಕೂತು ಕಾಳು ಸುಲಿಯುವ ಹೆಂಗಸರ ಹತ್ತಿರ ಚೌಕಾಸಿ ಮಾಡುವಾಗ ಅವರ ಬೆರಳು ಒಂದು ಸಲ ನೋಡಿ.

ಬೀಜದ ಕೆಲಸಕ್ಕೆ ಬರುತ್ತೇನೆ. ಇದು ನಮ್ಮ ಅತ್ತೆಯವರ ಇಲಾಖೆ. ಜನವರಿಯಲ್ಲಿ ಅವರು ಹೊಲದಲ್ಲಿ ಓಡಾಡುತ್ತಾ ಹಳೆ ಸೀರೆಯ ಚಿಂದಿಯನ್ನು ಕೆಲವು ಬಳ್ಳಿಗೆ ಕಟ್ಟುತ್ತಿದ್ದರು. ಚಿಂದಿ ಕಟ್ಟಿದ ಬಳ್ಳಿಗೆ ಯಾರೂ ಕೈ ಹಾಕಬಾರದು, ಅದು ಬೀಜಕ್ಕೆ. ಆರಿಸುವಾಗ ಕಾಯಿ ದಪ್ಪ ಒಂದನ್ನೇ ನೋಡುತ್ತಿರಲಿಲ್ಲ. ಸೊಗಡು ಇದೆಯಾ, ಹುಳ ಕಡಿಮೆ ಇದೆಯಾ, ನೆರಳಲ್ಲಿ ಇದ್ದೂ ಚೆನ್ನಾಗಿ ಬಂದಿದೆಯಾ. ಬದುವಿನ ಪಕ್ಕದ ಬಳ್ಳಿ ಬೇಡ ಅನ್ನುತ್ತಿದ್ದರು. ಅಲ್ಲಿ ಜಾಗ, ಬಿಸಿಲು ಎರಡೂ ಜಾಸ್ತಿ, ಯಾವ ಬಳ್ಳಿಯಾದರೂ ಚೆನ್ನಾಗಿ ಬರುತ್ತದೆ. ಹೊಲದ ನಡುವೆ, ರಾಗಿ ಜೊತೆ ಗುದ್ದಾಡಿ ಗೆದ್ದ ಬಳ್ಳಿ ಬೇಕು. ತಳಿ ವಿಜ್ಞಾನ ಓದಿದವರು ಇದಕ್ಕೆ ದೊಡ್ಡ ಹೆಸರು ಕೊಡುತ್ತಾರೆ. ಅತ್ತೆ ಶಾಲೆಗೆ ಹೋದವರಲ್ಲ.

ಬಳ್ಳಿ ಮೇಲೇ ಕಾಯಿ ಒಣಗಬೇಕು. ಬಿಡಿಸಿ, ಬಿಸಿಲಿಗೆ ಹಾಕಿ, ಹಲ್ಲಲ್ಲಿ ಕಚ್ಚಿದರೆ ಕಟುಂ ಅನ್ನಬೇಕು, ಹಲ್ಲಿನ ಗುರುತು ಬೀಳಬಾರದು. ಆಮೇಲೆ ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಸಿಪ್ಪೆ ಮೇಲೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ ಇದ್ದರೆ ಅದು ಹುಳದ ಮೊಟ್ಟೆ. ಡಬ್ಬದಲ್ಲಿ ಹುಳ ಎಲ್ಲಿಂದ ಬಂತು ಅಂತ ಕೇಳುತ್ತೀರಲ್ಲ, ಹೊಲದಿಂದಲೇ ಕಾಳಿನ ಜೊತೆ ಬಂದಿರುತ್ತದೆ. ಇದಕ್ಕೆ ಕೆಮ್ಮಣ್ಣು. ಜರಡಿ ಹಿಡಿದ ಕೆಮ್ಮಣ್ಣನ್ನು ನೀರಲ್ಲಿ ತೆಳ್ಳಗೆ ಕಲಸಿ, ಕಾಳಿಗೆ ಹಾಕಿ ಕೈಯಲ್ಲೇ ಉಜ್ಜಿ, ಮತ್ತೆ ಬಿಸಿಲಿಗೆ. ಪ್ರತಿ ಕಾಳಿಗೂ ಒಂದು ಕೆಂಪು ಅಂಗಿ. ಮೊಟ್ಟೆ ಇಡಲು ಹುಳಕ್ಕೆ ನುಣುಪು ಸಿಪ್ಪೆ ಬೇಕು, ಅದು ಸಿಗುವುದಿಲ್ಲ. ಈ ಮೊರದ ಮೂಲೆಯಲ್ಲಿ ಇರುವುದು ಅದೇ. ಕೆಲವರು ಮಣ್ಣಿನ ಹೆಂಟೆ ಅಂದುಕೊಂಡು ಬಿಟ್ಟಿದ್ದೀರಿ. ಹುರುಳಿ, ಹೆಸರಿಗೆ ಬೂದಿ ಸಾಕು. ಆಮೇಲೆ ಎಲ್ಲಾ ಮಡಕೆಗೆ ತುಂಬಿ, ಮೇಲೆ ಒಣ ಬೇವಿನ ಸೊಪ್ಪು, ಬಾಯಿಗೆ ಸಗಣಿ ಮಣ್ಣು ಬಳಿದು ಮುಚ್ಚಿದರೆ ಮುಂಗಾರಿನ ತನಕ ತೆಗೆಯುವಂತಿಲ್ಲ.

ಕೊನೆಗೆ "ದೇಸಿ" ಬಗ್ಗೆ ಒಂದು ಪಕ್ಕದ ಮಾತು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆ ಅನ್ನುವ ಸಿರಿಧಾನ್ಯ ಬೆಳೆಯುತ್ತಿದ್ದರು. ಸುಟ್ಟು ಕರಿಯಾದ ಕಾಳು ಅಗೆತದಲ್ಲಿ ಸಿಕ್ಕಿವೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಅವು ಈ ನೆಲದವೇ. ಆದರೆ ರಾಗಿ ಬಂದಿದ್ದು ಆಫ್ರಿಕಾದಿಂದ. ಅವರೆಯ ಕಾಡು ಸೋದರರೂ ಇರುವುದು ಆಫ್ರಿಕಾದಲ್ಲೇ. ಅಲಸಂದೆಯೂ ಅಲ್ಲಿಯದೇ. ನಾವು ದಿನಾ ತಿನ್ನುವ ಬೀನ್ಸ್ ಅಮೆರಿಕ ಖಂಡದ್ದು. ಹೀಗಾಗಿ ದೇಸಿ ಬೀಜ ಅಂತ ಜಂಬ ಪಡುವಾಗ ನನಗೆ ಒಳಗೊಳಗೇ ನಗು ಬರುತ್ತದೆ. ಬಂದ ಬೀಜ ಈ ಮಳೆಗೆ, ಈ ಮಣ್ಣಿಗೆ, ಈ ಅಡುಗೆಗೆ ಒಗ್ಗಿತು. ಒಗ್ಗಿಸಿದ್ದು ಅಕ್ಕಡಿ ಸಾಲು.

ಇನ್ನೊಂದು, ಸ್ವಲ್ಪ ಕಹಿ ಮಾತು. ನಾನು ಸಿಕ್ಕ ಬೀಜ ಎಲ್ಲಾ ಉಳಿಸುವುದಿಲ್ಲ. ನಮ್ಮ ಮನೆಯವರು, ನಮ್ಮ ಹತ್ತಿರ ಕೊಳ್ಳುವವರು ತಿನ್ನದ ಕಾಳಿಗೆ ನನ್ನ ಹೊಲದಲ್ಲಿ ಜಾಗ ಕೊಡುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ನೂರಾರು ಬಗೆ ಅವರೆ ಇವೆ, ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಇಟ್ಟಿದ್ದಾರೆ. ಎಲ್ಲವನ್ನೂ ಕಾಪಾಡುವ ಕೆಲಸ ಅವರದ್ದು. ಮೂರು ಎಕರೆಯವಳ ಕೆಲಸ ಬೇಕಾದದ್ದನ್ನು ಚೆನ್ನಾಗಿ ಬೆಳೆಯುವುದು. ಹತ್ತು ಮನೆ ಹತ್ತು ಬಗೆ ಬೆಳೆದರೆ ಊರಲ್ಲಿ ಅಷ್ಟು ಬಗೆ ಇರುತ್ತವೆ. ಒಬ್ಬರೇ ನೂರು ಬಗೆ ಇಟ್ಟುಕೊಂಡರೆ ಅದು ಪ್ರದರ್ಶನಕ್ಕೆ ಆಗುತ್ತದೆ ಅಷ್ಟೇ.

ಈಗ ನಿಮ್ಮ ಪ್ರಶ್ನೆಗಳು.

*ಬೇರೆ ಬೇರೆ ಅವರೆ ಪಕ್ಕ ಪಕ್ಕ ಇದ್ದರೆ ಕಲಬೆರಕೆ ಆಗಲ್ವಾ?*

ಅವರೆ ಹೆಚ್ಚಾಗಿ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಜೇನು, ದುಂಬಿ ಬಂದು ಒಂದಿಷ್ಟು ಬೆರೆಸುತ್ತವೆ. ಹಾಗಾಗಿ ಬೀಜದ ಬಳ್ಳಿಗಳನ್ನು ಸ್ವಲ್ಪ ದೂರ ಇಡಿ, ಬೇರೆ ಥರ ಕಾಣುವ ಕಾಳನ್ನು ಆರಿಸಿ ತೆಗೆಯಿರಿ, ಸಾಕು. ತೊಗರಿಯಲ್ಲಿ ಬೆರಕೆ ಜಾಸ್ತಿ, ಅದಕ್ಕೆ ಹುಷಾರಾಗಿರಬೇಕು.

*ಚಪ್ಪರದ ಅವರೆಗೂ ಹೊಲದ ಅವರೆಗೂ ಏನು ವ್ಯತ್ಯಾಸ?*

ಒಂದೇ ಜಾತಿ. ಎರಡು ಕಾಯಿ ಸೀಳಿ ಪಕ್ಕ ಪಕ್ಕ ಇಟ್ಟು ನೋಡಿ. ಚಪ್ಪರದ ಅವರೆಯಲ್ಲಿ ಕಾಳು ಕಾಯಿಯ ಉದ್ದಕ್ಕೆ ಮಲಗಿರುತ್ತದೆ. ಹೊಲದ ಅವರೆಯಲ್ಲಿ ಅಡ್ಡಕ್ಕೆ ನಿಂತಿರುತ್ತದೆ. ಮೊದಲನೆಯದನ್ನು ಸಿಪ್ಪೆ ಸಮೇತ ಪಲ್ಯ ಮಾಡುತ್ತೇವೆ. ಎರಡನೆಯದರ ಸಿಪ್ಪೆ ಹಸುವಿಗೆ.

*ಬೀಜ ಕೊಟ್ಟು ತೆಗೆದುಕೊಳ್ಳುವುದು, ಮಾರುವುದು ಕಾನೂನಿಗೆ ವಿರುದ್ಧವಾ? ಯಾರೋ ಹೆದರಿಸಿದರು.*

ಹೆದರಬೇಡಿ. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂತ 2001ರದ್ದು ಒಂದಿದೆ. ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬದಲಾಯಿಸಿಕೊಳ್ಳಬಹುದು, ಮಾರಬಹುದು. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರಲ್ಲಿ ಪ್ಯಾಕೆಟ್ ಮಾಡಿ ಮಾರುವ ಹಾಗಿಲ್ಲ, ಅಷ್ಟೇ.

*ನಿಮಗೆ ಸಾವಯವ ಸರ್ಟಿಫಿಕೇಟ್ ಇದೆಯಾ?*

ಪಿಜಿಎಸ್ ಗುಂಪಿನಲ್ಲಿ ಇದ್ದೇವೆ. ಕಡಿಮೆ ಅಂದರೆ ಐದು ರೈತರು ಸೇರಿ ಒಬ್ಬರ ಹೊಲ ಇನ್ನೊಬ್ಬರು ನೋಡಿ ಒಪ್ಪುವ ಪದ್ಧತಿ. ಖರ್ಚು ಕಡಿಮೆ, ಕಾಗದದ ಕೆಲಸ ಮಾತ್ರ ಇದೆ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ಮಾಡಿದ ರಾಜ್ಯ. ಆದರೆ ನಮ್ಮ ಹತ್ತಿರ ಕಾಳು ಕೊಳ್ಳುವವರಲ್ಲಿ ಹೆಚ್ಚಿನವರು ಸರ್ಟಿಫಿಕೇಟ್ ಕೇಳಿಲ್ಲ, ಹೊಲ ನೋಡೋಕೆ ಬರ್ತೀವಿ ಅಂದರು. ಬಂದರು.

*ನಾನು ಅಪಾರ್ಟ್‌ಮೆಂಟ್‌ನಲ್ಲಿ ಇರೋದು. ಎರಡನೇ ಮಹಡಿ ಬಾಲ್ಕನಿ. ಅಕ್ಕಡಿ ಎಲ್ಲಿಂದ ತರಲಿ?*

ಅಕ್ಕಡಿ ಆಗಲ್ಲ, ನಿಜ. ಹೊಲದ ಅವರೆ ಅಲ್ಲಿ ಬೇಡ, ಚಪ್ಪರದ ಅವರೆ ತೆಗೆದುಕೊಂಡು ಹೋಗಿ. ಪೇಂಟಿನ ದೊಡ್ಡ ಬಕೆಟ್ ಸಾಕು, ತಳಕ್ಕೆ ತೂತು ಮಾಡಿ. ಅರ್ಧ ಮಣ್ಣು, ಅರ್ಧ ಹಳೆ ಗೊಬ್ಬರ. ಎರಡು ಕಾಳು ಹಾಕಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಬಿತ್ತಿದರೆ ಚಳಿಗಾಲಕ್ಕೆ ಕಾಯಿ. ಬೇಗ ಬಿತ್ತಿದರೆ ಪಕ್ಕದ ಮನೆ ಬಾಲ್ಕನಿಗೂ ಹಬ್ಬುತ್ತದೆ, ಜಗಳ ಆಗುತ್ತದೆ. ಬಕೆಟ್ ಇಡುವ ಮುಂಚೆ ರಾತ್ರಿ ಹೊತ್ತು ಒಂದು ಸಲ ಅಲ್ಲಿ ನಿಂತು ನೋಡಿ. ಬೀದಿ ದೀಪ ನೇರ ಬೀಳುತ್ತಿದೆಯಾ? ಬೀಳುತ್ತಿದ್ದರೆ ಬೇರೆ ಮೂಲೆ ಹುಡುಕಿ. ರಾತ್ರಿ ಎಲ್ಲಾ ಬೆಳಕಿದ್ದರೆ ಅದಕ್ಕೆ ಹಗಲು ಚಿಕ್ಕದಾಗಿದ್ದು ಗೊತ್ತಾಗಲ್ಲ, ಹೂ ಬಿಡುವುದು ತಡ ಮಾಡುತ್ತದೆ. ನಿಮ್ಮ ಬಾಲ್ಕನಿಯ ಲೈಟನ್ನೂ ಮಲಗುವಾಗ ಆರಿಸಿ. ಕರೆಂಟು ಬಿಲ್ಲೂ ಉಳಿಯುತ್ತೆ.